ಬಾಯಿ ಮುಚ್ಚದ ಬಕಲ್

ಊಟ ಬಲ್ಲವನಿಗೆ ಬೆಲ್ಟಿಲ್ಲ, ಮಾತು ಬಲ್ಲವಳಿಗೆ ಸೋಲಿಲ್ಲ! ಗಾದೆ ತಿರುಚಿದ್ದೇನೆ, ಕಥೆ ತಿರುಚುವುದಿಲ್ಲ, ಇದು ನಡೆದದ್ದು.

ನಾನು ಒಂದು ಸೀಟ್‌ಬೆಲ್ಟ್ ಬಕಲ್. ಕಾರ್ಖಾನೆಯಲ್ಲಿ ನನಗೊಂದು ಕೆಂಪು ಗುಂಡಿ, ಒಳಗೊಂದು ಪುಟ್ಟ ಸ್ವಿಚ್ಚು ಕೊಟ್ಟು, ‘ಬೆಲ್ಟ್ ಹಾಕದವರ ಮುಂದೆ ಸುಮ್ಮನಿರಬೇಡ’ ಎಂದು ಕಳಿಸಿದರು. ಹುಬ್ಬಳ್ಳಿಯ ಪಾತ್ರೆ ವ್ಯಾಪಾರಿ ಚನ್ನವೀರಪ್ಪನವರ ಕಾರಿಗೆ ಬಂದೆ. ಕೆಳಗಿನಿಂದ ನೋಡಿದರೆ ನನಗೆ ಅವರ ಹೊಟ್ಟೆಯಷ್ಟೇ ಕಾಣುತ್ತಿತ್ತು. ಬೆಲ್ಟ್ ಎಂದರೆ ಅವರಿಗೆ ಉರಿ, ಹಾಕದಿದ್ದರೆ ನಾನು ‘ಟಿಂಗ್ ಟಿಂಗ್’ ಎಂದು ಕೂಗುತ್ತಿದ್ದೆ. ಪೇಟೆಯಿಂದ ಬೆಲ್ಟಿಲ್ಲದ ಬರಿಯ ಕ್ಲಿಪ್ ಒಂದನ್ನು ತಂದು ನನ್ನ ಬಾಯಿಗೆ ತುರುಕಿದರು. ಕೂಗು ನಿಂತಿತು. ಆದರೆ ಆ ಒರಟು ತಗಡು ಕೆರೆದು ಕೆರೆದು ನನ್ನ ಸ್ವಿಚ್ಚನ್ನೇ ಕೆಡಿಸಿತು.

ಬಾಯಿ ಕಟ್ಟಿದರೇನು, ದೀಪ ಹಚ್ಚಿದೆ! ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ಗುರುತು ಬೆಳಗಿತು: ಕುಳಿತ ಮನುಷ್ಯ, ಎದುರಿಗೊಂದು ದುಂಡು ಚೆಂಡು.

“ನನ್ನ ಹೊಟ್ಟೀನ ಅಣಕಸಾಕತ್ತೈತಿ ಇದು!” ಎಂದು ರೇಗಿದ ಧಣಿಗಳು ಹೆಂಡತಿಯ ಹಣೆಯ ಟಿಕಳಿಯೊಂದನ್ನು ಅದರ ಮೇಲೆ ಅಂಟಿಸಿಬಿಟ್ಟರು.

ಹೆಂಡತಿ ಗಂಗವ್ವನವರು ಕಾರು ಹತ್ತುತ್ತಲೇ ಕಂಡರು. “ದೀಪಕ್ಕ ಟಿಕಳಿ ಹಚ್ಚೀರಿ. ನಾಳೆ ನನ್ನ ಹಣಿ ಬೋಳು ಮಾಡ್ಬೇಕಂತೀರೇನ್ರೀ?”

ಧಣಿಗಳು ಕಾರನ್ನು ನೇರ ಗ್ಯಾರೇಜಿಗೆ ತಿರುಗಿಸಿದರು.

ಮೆಕ್ಯಾನಿಕ್ ದಸ್ತಗೀರಸಾಬ ಸ್ಕ್ಯಾನರ್ ಹಚ್ಚಿ ನೋಡಿದ. “ಏರ್‌ಬ್ಯಾಗ್ ಚಲೋ ಐತ್ರೀ ಅಣ್ಣಾರ. ಕಳ್ಳ ಇಲ್ಲಿ ಅದಾನ” ಎಂದು ನನ್ನನ್ನು ಅಲುಗಾಡಿಸಿದ. ದೀಪ ಆರಿತು, ಹತ್ತಿತು, ಆರಿತು. “ಬೆಲ್ಟ್ ಹಾಕೀರೋ ಇಲ್ಲೋ ಗಾಡಿಗೆ ತಿಳೀವಲ್ದು. ಹಿಂಗ ಢಿಕ್ಕಿ ಆದ್ರ ಬ್ಯಾಗ್ ಬಿಚ್ಚೂದು ಅನುಮಾನ.”

ಕಳ್ಳ ನಾನಂತೆ! ಬಾಯಿಗೆ ತಗಡು ತುರುಕಿದವರು ಸಾಹುಕಾರರು!

ನನ್ನ ಜಾಗದಲ್ಲಿ ಹೊಸ ಬಕಲ್ ಕೂತಿತು. ಗುಜರಿಗೆ ಬೀಳಬೇಕಿದ್ದ ನನ್ನನ್ನು ಗಂಗವ್ವನವರು ಪರ್ಸಿಗೆ ಹಾಕಿಕೊಂಡರು.

ಮರುದಿನವೇ ಧಣಿಗಳು ಹೊಸಬನ ಬಾಯಿಗೂ ಅದೇ ಕ್ಲಿಪ್ ತುರುಕಿದರು. ಆದರೂ ಕಾರು ಹೊರಟೊಡನೆ “ಟಿಂಗ್… ಟಿಂಗ್… ಟಿಂಗ್…” ಅವರು ಕ್ಲಿಪ್ಪನ್ನು ಅದುಮಿದರು, ಡ್ಯಾಶ್‌ಬೋರ್ಡ್ ಗುದ್ದಿದರು, ದಸ್ತಗೀರನ ವಂಶವನ್ನೆಲ್ಲ ಬೈದರು. ಕಡೆಗೆ ಕ್ಲಿಪ್ ಕಿತ್ತೆಸೆದು, ಹೊಟ್ಟೆ ಒಳಗೆಳೆದುಕೊಂಡು ಬೆಲ್ಟ್ ಹಾಕಿದರು. ಕೂಗು ನಿಂತಿತು. ಹಿಂದಿನ ಸೀಟಿನಲ್ಲಿ ಗಂಗವ್ವನವರು ತುಟಿ ಒರೆಸಿಕೊಂಡರು.

ಸ್ವಲ್ಪ ದೂರ ಹೋಗಿ ಧಣಿಗಳ ಕೈ ಬೆಲ್ಟ್ ಬಿಚ್ಚುವ ಕೆಂಪು ಗುಂಡಿಯತ್ತ ಸರಿಯಿತು. ಮುಟ್ಟುವ ಮೊದಲೇ ಕೂಗು ಬಂತು! ಅಷ್ಟರಲ್ಲಿ ರಸ್ತೆಬದಿಯ ಮಿರ್ಚಿ ಭಜಿಯ ಘಾಟು ಒಳಗೆ ನುಗ್ಗಿತು.

“ಟಿಂಗ್… ಟಿಂಗ್… ಆಕ್ಷೀ!”

ಧಣಿಗಳು ಕಾರು ನಿಲ್ಲಿಸಿ ಮೆಲ್ಲಗೆ ತಿರುಗಿದರು. “ಗಾಡಿಗೂ ನೆಗಡಿ ಆತೇನ?”

ನನ್ನ ಸ್ವಿಚ್ಚು ಸತ್ತಿದೆ, ತಂತಿ ತುಂಡಾಗಿದೆ. ಆದರೂ ಪರ್ಸಿನೊಳಗಿಂದಲೇ ಹೇಳುತ್ತೇನೆ: ತುರುಕಿರಿ, ಎಷ್ಟು ಕ್ಲಿಪ್ ಬೇಕಾದರೂ ತುರುಕಿರಿ! ನನ್ನ ಕೂಗು ಈಗ ಗಂಗವ್ವನವರ ಗಂಟಲಲ್ಲಿದೆ.

ಗಂಗವ್ವನವರು ನಕ್ಕರು. ಭಜಿ ಅಂಗಡಿಯವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಧಣಿಗಳೇ. ಹೊಟ್ಟೆ ಕುಣಿಕುಣಿದು ಬೆಲ್ಟನ್ನು ಜಗ್ಗುತ್ತಿತ್ತು. ಹೊಸಬ ಬಿಡಲಿಲ್ಲ.