ಎಡಗಡೆಯ ತಗಡು

"ಇನ್ನೊಂದು ಸಲ ಬಳಿಯೋ. ಮಿಂಚಬೇಕು," ಎಂದ ಓವರ್‌ಸೀರ್ ಗಂಗಾಧರಪ್ಪ.

ದಾಸಯ್ಯ ಹೂಳೆತ್ತುವ ದೋಣಿಯ ಎಡಮಗ್ಗುಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ಬಣ್ಣದ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ತೂತು, ತೂತಿನೊಳಗೆ ಡಾಂಬರಿನಲ್ಲಿ ಅದ್ದಿ ತುರುಕಿದ ಹಳೇ ಸೀರೆಯ ಚೂರು. ತುರುಕಿದವಳು ಚಿಕ್ಕಬೀರಮ್ಮ. ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲೆಯಡಿಕೆ ಜಗಿಯುತ್ತ ಅವಳು ಈ ಶೃಂಗಾರ ನೋಡುತ್ತಿದ್ದಳು.

"ಬುದ್ಧಿ, ಎಡಗಡೆ ತಗಡು ಸತ್ತೋಗದೆ. ನಾಕು ಜನ ಆ ಕಡೆ ನಿಂತ್ರೆ ತೂತು ನೀರಿಗಿಳೀತದೆ. ನಾಳೆ ನೋಡಕ್ಕೆ ಬರೋ ಸಾಯೇಬ್ರನ್ನ ದಡದಲ್ಲೇ ಕೂರ್ಸಿ."

"ನೀನು ರಾಟೆ ತಿರುಗಿಸೋಳು. ಬಾಯಿ ಮುಚ್ಕೊಂಡು ಅಷ್ಟು ಮಾಡು."

ಅವಳು ಉಗಿದಳು, ಅವನ ಬೂಟಿನ ಹತ್ತಿರಕ್ಕೇ, ಆದರೆ ತಾಗದ ಹಾಗೆ. ಈಜು ಬಾರದ, ಹಲಗೆ ದಾಟುವಾಗ ದಾಸಯ್ಯನ ಹೆಗಲು ಹಿಡಿದುಕೊಳ್ಳುವ ಈ ಗಂಡಸು ತನಗೆ ದೋಣಿಯ ವಿಷಯ ಹೇಳಿಕೊಡುತ್ತಾನೆ!

ಆ ದೋಣಿ ಹೊಳೆಗೆಂದು ಹುಟ್ಟಿದ್ದಲ್ಲ. ಪಡುವಣ ಕಡಲಿನ ಯಾವುದೋ ಬಂದರಿನಲ್ಲಿ ಮೂವತ್ತು ವರ್ಷ ಹೂಳೆತ್ತಿ, ಅಲ್ಲಿನವರು ಬೇಡವೆಂದ ಮೇಲೆ ಇಲಾಖೆಯವರ ಕಣ್ಣಿಗೆ ಬಿದ್ದಿತ್ತು. ತಗಡು ತಗಡಾಗಿ ಬಿಚ್ಚಿ, ಎತ್ತಿನ ಗಾಡಿಗಳಲ್ಲಿ ಕೊಡಗಿನ ಘಟ್ಟ ಹತ್ತಿಸಿ, ಪಿರಿಯಾಪಟ್ಟಣದ ಮೇಲೆ ಇಳಿಸಿ ತಂದರು. ಹನಗೋಡಿನ ಕೆಳಗೆ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಸಣ್ಣ ಅಣೆಕಟ್ಟೆಯ ಹಿಂದೆ ಅದನ್ನು ಮತ್ತೆ ಜೋಡಿಸಿದ ದಿನ ಊರಿಗೆ ಊರೇ ನಕ್ಕಿತ್ತು. "ಕಡ್ಲಲ್ಲಿ ಅಲ್ಲುದುರ್ಸ್ಕೊಂಡು ನಮ್ಮೊಳೇಗೆ ಮದ್ವಣಗಿತ್ತಿ ಬಂದವ್ಳೆ ನೋಡ್ರಲಾ," ಎಂದು ಮೊದಲು ಅಂದವಳೇ ಚಿಕ್ಕಬೀರಮ್ಮ.

ಮರುವರ್ಷ ಗಂಡ ಜ್ವರದಲ್ಲಿ ತೀರಿಕೊಂಡ. ಅವನು ಬಿಟ್ಟ ರಾಟೆಯ ಹಿಡಿಯನ್ನು ಇವಳು ಹಿಡಿದಳು. ಎಡಮಗ್ಗುಲಿನಿಂದ ಕಬ್ಬಿಣದ ತೊಟ್ಟಿಯನ್ನು ಸರಪಣಿಯಲ್ಲಿ ಇಳಿಸಬೇಕು, ತಳ ಕೆರೆದು ಹೂಳು ತುಂಬಿದ ಮೇಲೆ ಅವಳೂ ದಾಸಯ್ಯನೂ ರಾಟೆ ತಿರುಗಿಸಿ ಎತ್ತಬೇಕು. ಹೂಳಿನಿಂದ ನಾಲೆಯ ಬಾಯಿ ಕಟ್ಟದಿದ್ದರೆ ಕೆಳಗಿನ ಗದ್ದೆಗಳಿಗೆ ನೀರು. ಹದಿನಾರು ವರ್ಷ ಹೀಗೇ ನಡೆಯಿತು. "ಮುದಿಗೊಡ್ಡು" ಎಂದು ಬೈಯುತ್ತಲೇ ಅವಳು ಅದರ ಒಂದೊಂದು ತೂತನ್ನೂ ಮುಚ್ಚಿಕೊಂಡು ಬಂದಳು.

ಮಾರನೆಯ ಬೆಳಿಗ್ಗೆ ಮೈಸೂರಿನಿಂದ ಮೋಟಾರಿನಲ್ಲಿ ಸಾಹೇಬರು ಬಂದರು. ಜೊತೆಗೆ ಕೋಟು ರುಮಾಲಿನ ಆರು ಜನ. ದೋಣಿಯ ಮೇಲೆ ಕುರ್ಚಿ, ಬಾಳೆಕಂದು, ಕೊತ್ತಂಬರಿ ಬೀಜದಷ್ಟೂ ಬುದ್ಧಿಯಿಲ್ಲದ ನಗು. ತೊಟ್ಟಿ ತಳ ಮುಟ್ಟಿ ತುಂಬಿಕೊಂಡಿತು.

"ಈ ಕಡೆ ದಯಮಾಡಿಸಬೇಕು, ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದು ಗಂಗಾಧರಪ್ಪ ಎಲ್ಲರನ್ನೂ ಎಡಮಗ್ಗುಲಿಗೆ ಕರೆದ.

"ಅಕ್ಕ, ಬ್ಯಾಡ ಕಣಕ್ಕ," ಎಂದು ದಾಸಯ್ಯ ಪಿಸುಗುಟ್ಟಿದ.

ಸರಪಣಿ ಸಿಕ್ಕಿಹಾಕಿಕೊಂಡಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂತು.

"ಏನು ಮಿಕಮಿಕ ನೋಡ್ತೀಯ, ಗೂಬೆ! ತಿರುಗಿಸು!" ಎಂದ ಗಂಗಾಧರಪ್ಪ. ಸಾಹೇಬರು ನಕ್ಕರು. ಅವರು ನಕ್ಕರೆಂದು ಆರು ಜನವೂ ನಕ್ಕರು.

"ನೋಡ್ಲಿ ಬುಡು," ಎಂದು ಚಿಕ್ಕಬೀರಮ್ಮ ರಾಟೆ ತಿರುಗಿಸಿದಳು.

ತೊಟ್ಟಿ ನೀರಿನಿಂದ ಮೇಲೆದ್ದದ್ದೇ ತಡ, ದೋಣಿ ಎಡಕ್ಕೆ ವಾಲಿತು. ಬಣ್ಣದ ಸಮೇತ ಬಟ್ಟೆಯ ಚೂರು ಕಿತ್ತುಬಂದು ನೀರು ಒಳಗೆ ನುಗ್ಗಿತು. ಕುರ್ಚಿಗಳು ಜಾರಿದವು. ಕಾವಲಿಗಿದ್ದ ಹರಿಗೋಲಿನವರು ಸಾಹೇಬರನ್ನೂ ಉಳಿದವರನ್ನೂ ಎಳೆದುಕೊಂಡರು. ಸಾಹೇಬರು ತಮ್ಮ ಟೋಪಿ ಎಲ್ಲಿ ಎಂದು ಕೂಗುತ್ತಿದ್ದರು. ನೀರು ಕುಡಿಯುತ್ತಿದ್ದ ಗಂಗಾಧರಪ್ಪನ ಕೋಟಿನ ಕತ್ತಿಗೆ ಚಿಕ್ಕಬೀರಮ್ಮ ಕೊಕ್ಕೆ ಹಾಕಿ, ಈಜುತ್ತ, ಹೂಳು ಎಳೆದಂತೆ ದಡಕ್ಕೆ ಎಳೆದು ಬಿಸಾಕಿದಳು.

ಆಮೇಲೆ ಹಿಂತಿರುಗಿ ನೋಡಿದಳು. ದೋಣಿ ಇರಲಿಲ್ಲ. ಅದು ಇದ್ದ ಕಡೆ ನೀರು ಸ್ವಲ್ಪ ಹೊತ್ತು ಗುಳುಗುಳು ಎಂದು ಸುಮ್ಮನಾಯಿತು.

ಮೂರನೆಯ ದಿನ ಗಂಗಾಧರಪ್ಪ ಶೀತದ ಮೂಗಿನಲ್ಲೇ ಹೇಳಿಕೆ ಓದಿದ: "ರಾಟೆಯವಳ ಅಜಾಗರೂಕತೆಯಿಂದ ದೋಣಿ ಮುಳುಗಿರುತ್ತೆ. ಹೆಬ್ಬೆಟ್ಟು ಒತ್ತು."

"ಅಂಗಂದ್ರೇನು ಬುದ್ಧಿ?"

"ಗಮನವಿಲ್ಲದೆ ಮಾಡಿದ್ದು."

"ಗ್ಯಾನ ಇಟ್ಕೊಂಡೇ ತಿರುಗ್ಸಿದ್ದು. ಮುಳುಗ್ತದೆ ಅಂತ ಗೊತ್ತಿತ್ತು. ಅಂಗೇ ಬರ್ಕಳಿ. ಮುಂಚಿನ ದಿನ ನಾನೇನಂದೆ, ನೀವೇನಂದ್ರಿ, ಅದ್ನೂ ಬರ್ಕಳಿ. ಆಮ್ಯಾಕೆ ಎಬ್ಬೆಟ್ಟು ಒತ್ತೀನಿ."

ಗಂಗಾಧರಪ್ಪನ ಪೆನ್ನು ಕಾಗದದ ಮೇಲೆ ನಿಂತಿತು. ಅವನು ಅವಳ ಮುಖ ನೋಡಲಿಲ್ಲ. ಹಾಳೆ ಹರಿದು ಇನ್ನೊಂದು ತೆಗೆದು, ದೋಣಿ ತೀರ ಹಳೆಯದಾಗಿತ್ತು ಎಂದು ಬರೆದ. ದಾಸಯ್ಯ ತಲೆ ತಗ್ಗಿಸಿ ಹೆಬ್ಬೆಟ್ಟು ಒತ್ತಿದ. "ಇಬ್ಬರಿಗೂ ನಾಳೆಯಿಂದ ಕೆಲಸ ಇಲ್ಲ," ಎಂದ ಗಂಗಾಧರಪ್ಪ.

"ಥೂ, ಒತ್ತುಬುಟ್ಯಲ್ಲ," ಎಂದಳು ಅವಳು ಹೊರಗೆ ಬಂದು.

"ನೀನು ತಿರುಗ್ಸಿದ್ದಕ್ಕಿಂತ್ಲೂ ಕೆಟ್ಟದ್ದಾ ಅಕ್ಕ?" ಎಂದ ದಾಸಯ್ಯ.

ಅವಳು ತಿರುಗಿ ಹೊರಟಳು. ಏರಿಯ ಮೇಲೆ ಒಬ್ಬಳೇ ನಡೆದು, ನಾಲೆಯ ಬಾಯಲ್ಲಿ ಕಾಲು ತೊಳೆಯಲು ಇಳಿದಳು. ಕಾಲು ಗಿಣ್ಣಿನವರೆಗೆ ಹೂತುಹೋಯಿತು. ಬಗ್ಗಿ ಒಂದು ಬೊಗಸೆ ಕೆಸರು ತೆಗೆದು ದಂಡೆಗೆ ಹಾಕಿದಳು. ಆ ಗುಂಡಿಗೆ ನೀರು ಬಂದು ನಿಂತಿತು. ನೋಡನೋಡುತ್ತಿದ್ದಂತೆ ಅದರ ತಳದಲ್ಲಿ ಮಣ್ಣು ಕೂರತೊಡಗಿತು.