ಕಾಜಾ ಅಕ್ಕನ ಇನ್ನೂರ ಹನ್ನೊಂದು

ಆ ಹೊಲಿಗೆ ಶೆಡ್ಡಿನಲ್ಲಿ ಹಾಡು ಹಾಕುವುದು ನಿಂತು ಆರು ವರ್ಷವಾಗಿತ್ತು. ನಿಲ್ಲಿಸಿದವರು ಕಟಿಂಗ್ ಮಾಸ್ಟರು. ಒಂದು ಮಧ್ಯಾಹ್ನ ಯಾವುದೋ ವಿರಹದ ಹಾಡು ಬಂದು, ಕಾಲರ್ ಹೊಲಿಯುವ ಹೆಂಗಸು ಅದರ ಜೊತೆ ತಾನೂ ಹಾಡಿ, ಹಾಡುತ್ತಾ ಅತ್ತು, ಅಳುತ್ತಾ ಇಪ್ಪತ್ತೆರಡು ಅಂಗಿಗೆ ಕಾಲರನ್ನು ತಲೆಕೆಳಗಾಗಿ ಕೂರಿಸಿಬಿಟ್ಟಿದ್ದಳು. ಮಾಸ್ಟರಿಗೆ ಪಿತ್ತ ನೆತ್ತಿಗೇರಿತು. ಮಾತಿರುವ ಹಾಡು ಇನ್ನು ಈ ಬಾಗಿಲೊಳಗೆ ಬರಕೂಡದು ಎಂದು ಅಪ್ಪಣೆಯಾಯಿತು. ಮಾತಿಲ್ಲದ ಸಂಗೀತ ಆಗಬಹುದಿತ್ತು, ಆದರೆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕ್ಯಾಸೆಟ್ಟು, ಅದರಲ್ಲಿ ಒಂದೇ ಕೊಳಲು. ಆರು ವರ್ಷ ಅದನ್ನೇ ಕೇಳಿದ ಅಲ್ಲಿನ ಹದಿನಾಲ್ಕು ಜನರ ಕೈಗೆ ಕೊಳಲು ಊದಿದವನು ಸಿಕ್ಕಿದ್ದರೆ ಅವನ ಗತಿ ಏನಾಗುತ್ತಿತ್ತೋ ನಾನು ಹೇಳಲಾರೆ.

ಕೊನೆಗೆ ಶೆಡ್ಡಿನ ಯಜಮಾನಿ ಮನಸ್ಸು ಮಾಡಿ ಹೊಸ ಸ್ಪೀಕರ್ ತಂದರು. ಅವರ ಮಗಳು ಎಲ್ಲೆಲ್ಲಿಂದಲೋ ಮುನ್ನೂರು ತುಣುಕು ಹುಡುಕಿ ಪೆನ್‌ಡ್ರೈವಿಗೆ ತುಂಬಿಕೊಟ್ಟಳು. ಪಿಟೀಲು, ಪಿಯಾನೊ, ಗಿಟಾರ್, ಸ್ಯಾಕ್ಸೊಫೋನ್, ಸೈನಿಕರ ಬ್ಯಾಂಡು, ಬರೀ ಡೋಲು, ಬರೀ ಗಂಟೆ, ಕಂಪ್ಯೂಟರಿನ ಹೊಟ್ಟೆಯಿಂದ ಹೊರಟ ಗುಂಯ್‌ಗುಂಯ್. ಯಾವುದರಲ್ಲೂ ಒಂದು ಮಾತಿಲ್ಲ. ತುಣುಕಿಗೊಂದು ನಂಬರು, ಗೋಡೆಗೊಂದು ಪಟ್ಟಿ. ಹತ್ತು ದಿನ ಎಲ್ಲವನ್ನೂ ಕೇಳುವುದು, ಶನಿವಾರ ಮಧ್ಯಾಹ್ನದೊಳಗೆ ಒಬ್ಬೊಬ್ಬರೂ ತಮಗೆ ಇಷ್ಟವಾದದ್ದೊಂದನ್ನು ಕರಿಹಲಗೆಯ ಮೇಲೆ ತಮ್ಮ ಹೆಸರಿನ ಮುಂದೆ ಬರೆಯುವುದು. ಆ ಹದಿನಾಲ್ಕು ತುಣುಕು ಇನ್ನು ಮುಂದೆ ಶೆಡ್ಡಿನ ಸಂಗೀತ. ಯಾರಾದರೂ ಬರೆಯದಿದ್ದರೆ ಅವರ ಜಾಗ ಮಾಸ್ಟರಿಗೆ.

ಮಾಸ್ಟರು ಇದಕ್ಕೊಂದು ಬಾಲ ಸೇರಿಸಿದರು. ಯಾವ ತುಣುಕು ನುಡಿಯುವಾಗ ಅಂಗಿ ಕೆಡುತ್ತದೋ ಆ ತುಣುಕಿಗೆ ಪಟ್ಟಿಯಲ್ಲಿ ಕೆಂಪು ಗೀಟು, ಅದನ್ನು ಯಾರೂ ಆರಿಸುವಂತಿಲ್ಲ. ಎರಡೇ ದಿನಕ್ಕೆ ಹನ್ನೆರಡು ಗೀಟು ಬಿದ್ದವು. ಡೋಲಿನ ಒಂದು ತುಣುಕಿಗೆ ತೋಳು ಹೊಲಿಯುವವನ ಕಾಲು ಪೆಡಲಿನ ಮೇಲೆ ಕುಣಿದು ಹೊಲಿಗೆ ತೋಳು ದಾಟಿ ಜೇಬಿಗೆ ಹೋಯಿತು. ಪಿಯಾನೊದ ಒಂದು ತುಣುಕಿಗೆ ಇಸ್ತ್ರಿಯವನಿಗೆ ಜೊಂಪು ಹತ್ತಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಪಡಿಯಚ್ಚು ಮೂಡಿತು.

ಆದರೂ ಎಲ್ಲರೂ ಭಾರೀ ಹುರುಪಿನಲ್ಲಿದ್ದರು. ಕಾಲರಮ್ಮ, ಅದೇ ಅತ್ತವಳು, ಮೊದಲ ದಿನವೇ ಪಿಟೀಲಿನ ಒಂದು ತುಣುಕಿಗೆ ಮನಸ್ಸು ಕೊಟ್ಟು ತೊಂಬತ್ತೆಂಟು ಎಂದು ಬರೆದು, ಯಾರೂ ಅಳಿಸಬಾರದೆಂದು ಸುತ್ತ ಚೌಕ ಬೇರೆ ಹಾಕಿದಳು. ಇಸ್ತ್ರಿಯವನು ಬ್ಯಾಂಡು ಬರೆದ. ಮಾಸ್ಟರು ಗಂಟೆಗಳದ್ದು ಬರೆದರು. ಗುರುವಾರದ ಹೊತ್ತಿಗೆ ಹಲಗೆಯ ಮೇಲೆ ಖಾಲಿ ಉಳಿದದ್ದು ಒಂದೇ ಜಾಗ, ಕಾಜಾ ಅಕ್ಕನದು.

ಕಾಜಾ ಎಂದರೆ ಗುಂಡಿ ತೂರುವ ಸೀಳು. ಹತ್ತೊಂಬತ್ತು ವರ್ಷದಿಂದ ಅವಳು ಹೊಲಿದದ್ದು ಅದೊಂದನ್ನೇ. ಗಂಡಸರ ಅಂಗಿಗೆ ಎದೆಯ ಎಡಪಟ್ಟಿಯಲ್ಲಿ, ಹೆಂಗಸರದಕ್ಕೆ ಬಲಪಟ್ಟಿಯಲ್ಲಿ. ಬೇರೆ ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕಾಜಾ ಒಮ್ಮೆ ಸೀಳಿದರೆ ಸೀಳಿತು. ಅದಕ್ಕೇ ಆ ಮೆಷಿನ್ನಿನ ಮುಂದೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಇವಳನ್ನು ಕೇಳಿದಾಗ "ಯಾವ ಮೆಷಿನ್ನಾದ್ರೂ ಸರಿ" ಅಂದಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಒಂದು ಕಾಜಾ ತಪ್ಪಿರಲಿಲ್ಲ.

"ಏನಕ್ಕಾ, ಮುನ್ನೂರರಲ್ಲಿ ಒಂದೂ ಹಿಡಿಸಲಿಲ್ವಾ ನಿನಗೆ?" ಎಂದು ಕಾಲರಮ್ಮ ಕೇಳಿದಳು.

"ಎಲ್ಲಾ ಚೆನ್ನಾಗೇ ಇದೆ ಕಣೇ."

"ಎಲ್ಲಾ ಚೆನ್ನಾಗಿದೆ ಅಂದ್ರೆ ಯಾವುದೂ ಬೇಡ ಅಂತ ಅರ್ಥ."

"ಹಾಗಲ್ಲ. ನಿಂದು ಚೆನ್ನಾಗಿದೆ. ಮಾಸ್ಟ್ರದ್ದೂ ಚೆನ್ನಾಗಿದೆ."

"ನಿಂದು ಯಾವುದು ಅಂತ ಕೇಳಿದ್ದು ಮಾರಾಯ್ತಿ!"

ಕಾಜಾ ಅಕ್ಕ ಮುಂದಿನ ಅಂಗಿಯನ್ನು ಸೂಜಿಯಡಿಗೆ ಎಳೆದುಕೊಂಡಳು.

ಮನೆಯಲ್ಲಿ ಈ ಸುದ್ದಿ ಊಟದ ಹೊತ್ತಿಗೆ ಮೇಜಿನ ಮೇಲೆ ಬಂತು. ಗಂಡ ಬಸ್ ಡ್ರೈವರು, ಮಾತಿಗೆ ಬ್ರೇಕಿಲ್ಲದವನು. "ನನ್ನ ಬಸ್ಸಿನ ಹಾರ್ನ್ ಹಾಕಿಸ್ಬಿಡು. ಅದರಲ್ಲೂ ಮಾತಿಲ್ಲ" ಅಂದ. ಅತ್ತೆ ತಮ್ಮ ಸೊಸೆಗೆ ಪಿಟೀಲೇ ಆಗಬೇಕು ಎಂದು ಪಟ್ಟು ಹಿಡಿದರು. ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆ ಎತ್ತದೆ, "ಸುಮ್ನೆ ಯಾಕೆ ಕಾಡ್ತೀರಾ? ಅಮ್ಮಂಗೆ ಇಷ್ಟ ಅಂತ ಒಂದಿದ್ರೆ ತಾನೇ ಬರೆಯೋದು" ಎಂದಳು.

ಎಲ್ಲರೂ ನಕ್ಕರು. ಕಾಜಾ ಅಕ್ಕನೂ ನಕ್ಕಳು. ಆದರೆ ಮಾತು ಸೂಜಿ ಚುಚ್ಚಿದಷ್ಟು ಸಣ್ಣಗೆ, ಅಷ್ಟೇ ಆಳವಾಗಿ ನಾಟಿತು. ಪಾತ್ರೆ ತೊಳೆಯುತ್ತಾ ಅವಳು ಮನೆಯ ಮೇಲೆಲ್ಲ ಒಮ್ಮೆ ಕಣ್ಣಾಡಿಸಿದಳು. ಕಿಟಕಿಯ ಪರದೆ ಅತ್ತೆ ಆರಿಸಿದ್ದು. ಗೋಡೆಯ ಹಸಿರು ಗಂಡನ ಆಯ್ಕೆ. ಅವಳ ಕನ್ನಡಕದ ಚೌಕಟ್ಟು ಮಗಳು ಹೇಳಿದ್ದು, ಮೈಮೇಲಿನ ಬಟ್ಟೆ ದೊಡ್ಡಕ್ಕ ಕೊಡಿಸಿದ್ದು. ಯಾರೂ ಹೇರಿದ್ದಲ್ಲ, ಪಾಪ. ಪ್ರತಿಯೊಬ್ಬರೂ ಮೊದಲು ಅವಳನ್ನೇ ಕೇಳಿದ್ದರು. ಯಾವುದಾದ್ರೂ ಸರಿ ಅಂದವಳು ಅವಳೇ. ಹುಟ್ಟುವಾಗ ಎಲ್ಲರಿಗೂ ಹಂಚಿದ ಇಷ್ಟಗಳಲ್ಲಿ ತನ್ನ ಪಾಲು ಹಂಚಲು ಮರೆತರೇನೋ ಅನ್ನಿಸಿ ಅವಳಿಗೆ ನಿಜವಾಗಿಯೂ ಭಯವಾಯಿತು. ಒಂದು, ಒಂದೇ ಒಂದು ತನ್ನದು ಎಂಬುದು ಬೇಕು, ಶನಿವಾರದೊಳಗೆ ಬೇಕು.

ಶುಕ್ರವಾರ ಇಡೀ ದಿನ ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತಳು. ಬೆಳಿಗ್ಗೆ ಹದಿನೆಂಟು ತುಣುಕು ಬಂದುಹೋದವು. ಒಂದೊಂದಕ್ಕೂ "ಇದು ನಂದಾ?" ಎಂದು ತನ್ನನ್ನೇ ವಿಚಾರಿಸಿದಳು. ಗಿಟಾರ್ ಚೆನ್ನಾಗಿತ್ತು. ಸ್ಯಾಕ್ಸೊಫೋನ್ ಚೆನ್ನಾಗಿತ್ತು. ಹಾಳಾದ್ದು, ಕಂಪ್ಯೂಟರಿನ ಗುಂಯ್‌ಗುಂಯ್ ಕೂಡ ಚೆನ್ನಾಗಿತ್ತು. ಊಟದ ಹೊತ್ತಿಗೆ ತಲೆ ಸಿಡಿಯತೊಡಗಿತು. ಮಧ್ಯಾಹ್ನದ ಮೇಲೆ ಸಾಕಪ್ಪ ಎಂದು ವಿಚಾರಣೆ ಬಿಟ್ಟು ಕೆಲಸಕ್ಕೆ ಬಿದ್ದಳು. ಅಂದಿನ ಗಂಟುಗಳು ಶಾಲೆಯ ಸಮವಸ್ತ್ರದವು, ಏಳು ವರ್ಷದ ಗಂಡುಮಕ್ಕಳ ಬಿಳಿ ಅಂಗಿಗಳು, ಒಂದಕ್ಕೆ ಆರು ಕಾಜಾ.

ಸಂಜೆ ಗಂಟು ಕಟ್ಟುವ ಮುಂಚೆ ಪ್ರತಿ ಅಂಗಿಯನ್ನೂ ಮಾಸ್ಟರು ಬಿಡಿಸಿ ನೋಡುವುದು ಪದ್ಧತಿ. ಅಂದು ಅವರು ಒಂದು ಅಂಗಿಯನ್ನು ಬಿಡಿಸಿ, ತಿರುಗಿಸಿ, ಮತ್ತೆ ಬಿಡಿಸಿ, ಕೊನೆಗೆ ಆ ಅಂಗೈಯಗಲದ ಅಂಗಿಯನ್ನು ತಮ್ಮ ಅಗಲವಾದ ಎದೆಗೆ ಒತ್ತಿ ಹಿಡಿದು ಎಡ ಯಾವುದು ಬಲ ಯಾವುದು ಎಂದು ತಮ್ಮ ಕೈಗಳನ್ನೇ ನೋಡಿಕೊಂಡರು.

"ಕಾಜಾ ಅಕ್ಕಾ," ಎಂದರು, ಕೋಪಕ್ಕಿಂತ ಗಾಬರಿಯಲ್ಲಿ. "ಇದು ಬಲಪಟ್ಟೀಲಿದೆ."

ಕಾಜಾ ಅಕ್ಕ ಸ್ಟೂಲಿನಿಂದ ಎದ್ದು ಬಂದಳು. ಮಾಸ್ಟರು ಇನ್ನೊಂದು ತೆಗೆದರು, ಅದೂ ಬಲ. ಮೂರನೆಯದು ಬಲ. ನಾಲ್ಕನೆಯದೂ. ಐದನೆಯದರಿಂದ ಮತ್ತೆ ಎಡ. ನಾಲ್ಕು ಅಂಗಿ, ಇಪ್ಪತ್ತನಾಲ್ಕು ಕಾಜಾ, ಒಂದೊಂದೂ ಅಚ್ಚುಕಟ್ಟು, ಒಂದೊಂದೂ ತಪ್ಪು ಕಡೆ.

"ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು," ಎಂದು ಮಾಸ್ಟರು ಕೆಂಪು ಪೆನ್ಸಿಲ್ ತೆಗೆದರು. "ನಿನ್ನ ಕೈಯನ್ನೇ ಕೆಡಿಸಿದ ಆ ದರಿದ್ರ ಯಾವುದು? ಆಗ ಯಾವ ನಂಬರ್ ನುಡೀತಿತ್ತು?"

ಯಾರಿಗೂ ನೆನಪಿರಲಿಲ್ಲ. ಇಸ್ತ್ರಿಯವನು ತಲೆ ಕೆರೆದುಕೊಂಡ. "ನಮ್ಮ ಪಿಟೀಲಂತೂ ಅಲ್ಲ" ಎಂದು ಕಾಲರಮ್ಮ ತನ್ನದನ್ನು ಮೊದಲು ಪಾರು ಮಾಡಿಕೊಂಡಳು.

ಕಾಜಾ ಅಕ್ಕನಿಗೆ ಮಾತ್ರ ನೆನಪಿತ್ತು. ನಂಬರಷ್ಟೇ ಅಲ್ಲ, ಮೊದಲಿಂದ ಕೊನೆಯವರೆಗೆ ನೆನಪಿತ್ತು. ಒಂದು ಅಕಾರ್ಡಿಯನ್, ಅದೇ ಎದೆಗೆ ತೂಗುಹಾಕಿ ನುಡಿಸುವ ಹಾರ್ಮೋನಿಯಂ, ಒಂಟಿಯಾಗಿ ಶುರುವಾಗಿತ್ತು, ಮಹಡಿ ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಾ. ಆಮೇಲೆ ದಪ್ಪ ತಂತಿಯ ವಾದ್ಯವೊಂದು ಕೆಳಗಿನಿಂದ ಹೂಂ ಹೂಂ ಎಂದು ಸೇರಿಕೊಂಡಿತ್ತು. ಇಬ್ಬರೂ ಸುತ್ತಿ ಸುತ್ತಿ, ವೇಗ ಏರಿಸಿ, ಇನ್ನೇನು ಬಿದ್ದರು ಅನ್ನುವಾಗ ಗಕ್ಕನೆ ನಿಂತಿದ್ದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎಲ್ಲಿಂದಲೋ ಒಂದು ಕ್ಲಾರಿನೆಟ್ ಬಂದು ಕಿಸಕ್ಕನೆ ನಕ್ಕುಬಿಟ್ಟಿತ್ತು. ಆ ಐದು ನಿಮಿಷ ಅವಳ ಕೈಗಳು ಅಂಗಿಯನ್ನು ಆ ಸುತ್ತಿಗೆ ಸರಿಯಾಗಿ ಸುತ್ತಿ, ಯಾವ ಪಟ್ಟಿ ಮೊದಲು ಸಿಕ್ಕಿತೋ ಅದನ್ನೇ ಸೂಜಿಯಡಿಗೆ ಕೊಟ್ಟಿದ್ದವು. ತಾನು ಆಗ ಏನನ್ನೂ ಯೋಚಿಸುತ್ತಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಸಂತೋಷವಾಗಿದ್ದಳು, ಅಷ್ಟೇ. ಮೂರು ಬೀದಿಗೆ ಕೇಳಿಸುವಷ್ಟು ಸಂತೋಷವಾಗಿದ್ದಳು.

ಸುಳ್ಳು ಹೇಳಬಹುದಿತ್ತು. ಪಟ್ಟಿಯಲ್ಲಿ ಯಾರೂ ಬರೆಯದ ನಂಬರುಗಳು ಬೇಕಾದಷ್ಟಿದ್ದವು, ಒಂದನ್ನು ಬಲಿ ಕೊಟ್ಟರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಉಳಿಸಿಕೊಂಡದ್ದನ್ನು ತನ್ನದು ಎಂದು ಹಲಗೆಯ ಮೇಲೆ ಬರೆಯಲು ಅವಳ ಮನಸ್ಸು ಒಪ್ಪಲಿಲ್ಲ.

"ಇನ್ನೂರ ಹನ್ನೊಂದು," ಎಂದಳು.

ಮಾಸ್ಟರು ಪಟ್ಟಿಯ ಮೇಲೆ ಪೆನ್ಸಿಲ್ ಇಟ್ಟರು.

"ಗೀಟು ಎಳೀಬೇಡಿ ಮಾಸ್ಟ್ರೇ. ಅದು ನಂದು."

ಕಾಲರಮ್ಮನ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ಕಾಜಾ ಅಕ್ಕ ಯಾವುದನ್ನೂ ನಂದು ಅಂದದ್ದನ್ನು ಯಾರೂ ಕೇಳಿರಲಿಲ್ಲ. ತನ್ನ ಕತ್ತರಿಯನ್ನು ಕೂಡ ಅವಳು "ಇಲ್ಲೊಂದು ಕತ್ತರಿ ಇತ್ತಲ್ಲ" ಎಂದೇ ಹುಡುಕುತ್ತಿದ್ದಳು.

"ರೂಲು ಅಂದ್ರೆ ರೂಲು," ಎಂದರು ಮಾಸ್ಟರು. "ನಾಲ್ಕು ಅಂಗಿ ಹೋಯ್ತಲ್ಲ?"

"ಹೋಗಿಲ್ಲ. ಈ ಅಳತೇಲಿ ಗಂಡುಮಕ್ಕಳದ್ದು ಹೆಣ್ಣುಮಕ್ಕಳದ್ದು ಒಂದೇ ಕಟಿಂಗು, ನೀವೇ ಕತ್ತರಿಸಿದ್ದು. ಈ ನಾಲ್ಕನ್ನ ಹುಡುಗೀರ ಗಂಟಿಗೆ ಸೇರಿಸಿ. ಹುಡುಗೀರದ್ದು ನಾಲ್ಕಕ್ಕೆ ನಾಳೆ ಎಡಪಟ್ಟೀಲಿ ಕಾಜಾ ಹಾಕಿ ಹುಡುಗರ ಗಂಟಿಗೆ ಕೊಡ್ತೀನಿ. ಲೆಕ್ಕ ಸರಿಹೋಗುತ್ತೆ."

ಮಾಸ್ಟರು ಅಂಗಿಯನ್ನು ನೋಡಿದರು, ಅವಳನ್ನು ನೋಡಿದರು. ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಅದೇ ಅವರಿಗೆ ಕಷ್ಟವಾದದ್ದು.

"ಇವತ್ತು ಸರಿಹೋಯ್ತು. ದಿನಾ ಇದನ್ನ ಹಾಕಿ ದಿನಾ ನಾಲ್ಕು ಅಂಗಿ ತಿರುವಿ ಹಾಕಿದ್ರೆ? ಕೆಲಸದ ಹೊತ್ತಲ್ಲಿ ಇದು ಬೇಡ. ಬೇರೆ ಯಾವುದಾದ್ರೂ ತಗೋ ಅಕ್ಕ, ಇನ್ನೂ ಇನ್ನೂರೈವತ್ತಿದೆ."

"ಬೇರೆ ಬೇಡ." ಅವಳ ಕಿವಿ ಕೆಂಪಾಗಿತ್ತು, ಆದರೂ ಮಾತು ನಿಲ್ಲಲಿಲ್ಲ. "ಕೆಲಸದ ಹೊತ್ತಲ್ಲಿ ಬೇಡ ಅಂದ್ರೆ ಟೀ ಹೊತ್ತಲ್ಲಿ ಹಾಕಿ. ಆಗ ಮೆಷಿನ್ ಓಡಲ್ಲ, ಅಂಗಿ ಕೆಡಲ್ಲ. ಆದ್ರೆ ಇದೇ ಬೇಕು. ನನಗೆ ಇದೇ ಬೇಕು ಮಾಸ್ಟ್ರೇ."

ಟೀ ಹೊತ್ತು ಎಂದರೆ ಮಾಸ್ಟರು ಕಣ್ಣು ಮುಚ್ಚಿ ಗೋಡೆಗೊರಗುವ ಹೊತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮಾಸ್ಟರು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ, "ಹೋಗು, ಬರಿ" ಎಂದರು. ಅವಳು ಹಲಗೆಯ ಹತ್ತಿರ ಹೋಗಿ ಎಲ್ಲರಿಗಿಂತ ದೊಡ್ಡ ಅಂಕಿಯಲ್ಲಿ ಬರೆದಳು. ಕಾಲರಮ್ಮ ಹಿಂದೆಯೇ ಓಡಿ ಬಂದು ಅದಕ್ಕೂ ಒಂದು ಚೌಕ ಹಾಕಿದಳು.

ಸೋಮವಾರ ಹೊಸ ಪಟ್ಟಿ ಶುರುವಾಯಿತು. ಬೆಳಗಿನಿಂದ ಎಲ್ಲವೂ ಸುಗಮ. ನಾಲ್ಕು ಗಂಟೆಗೆ ಮೆಷಿನ್ನುಗಳು ನಿಂತವು, ಆದರೆ ಅಂದು ಟೀ ಕಾಯಿಸುವ ಒಲೆ ಕೈಕೊಟ್ಟು, ಲೋಟಗಳು ಬರುವುದೇ ತಡವಾಯಿತು. ಎಲ್ಲರ ಕೈಗೂ ಟೀ ಬಂದ ಮೇಲೆಯೇ ಇನ್ನೂರ ಹನ್ನೊಂದು ಹಾಕಿದರು. ಅಕಾರ್ಡಿಯನ್ ಮೆಟ್ಟಿಲು ಹತ್ತಿ ಬಂತು, ದಪ್ಪ ತಂತಿ ಸೇರಿಕೊಂಡಿತು, ಇಬ್ಬರೂ ಸುತ್ತತೊಡಗಿದರು. ಅಷ್ಟರಲ್ಲಿ ಯಜಮಾನಿ ಬಾಗಿಲಲ್ಲಿ ಕಾಣಿಸಿಕೊಂಡು ಟೀ ಮುಗಿಯಿತೆಂದು ಕೈಗಂಟೆ ಅಲ್ಲಾಡಿಸಿದರು.

ಹದಿಮೂರು ಜನ ಎದ್ದರು. ಒಬ್ಬರ ಕೈ ಸ್ಪೀಕರಿನ ಕಡೆ ಹೋಯಿತು.

"ಮುಟ್ಟಬೇಡಿ," ಎಂದಳು ಕಾಜಾ ಅಕ್ಕ. ಅವಳು ಎದ್ದಿರಲಿಲ್ಲ. ಲೋಟ ಎರಡು ಕೈಯಲ್ಲಿ ಹಿಡಿದು ತನ್ನ ಸ್ಟೂಲಿನ ಮೇಲೆ ಹಾಗೇ ಕೂತಿದ್ದಳು. "ಇನ್ನೂ ಎರಡು ನಿಮಿಷ ಇದೆ. ಕೂತ್ಕೊಳ್ಳಿ ಎಲ್ಲರೂ."

"ಗಂಟೆ ಆಯ್ತಲ್ಲಮ್ಮಾ," ಎಂದರು ಯಜಮಾನಿ, ಇದು ಯಾರ ದನಿ ಎಂದು ನಂಬಲಾಗದೆ.

"ಆಯ್ತು ಮೇಡಂ. ನೀವೂ ಕೂತ್ಕೊಳ್ಳಿ."

ಯಜಮಾನಿ ಅತ್ತಿತ್ತ ನೋಡಿ ಬಟ್ಟೆಯ ಗಂಟೊಂದರ ಮೇಲೆ ಕೂತರು. ಇಸ್ತ್ರಿಯವನು ಕೂತ, ಕಾಲರಮ್ಮ ಕೂತಳು, ಉಳಿದವರೂ ಒಬ್ಬೊಬ್ಬರಾಗಿ ಕೂತರು. ಸಂಗೀತ ವೇಗ ಏರಿಸಿ ಏರಿಸಿ ಗಕ್ಕನೆ ನಿಂತಿತು. ಮುಗಿಯಿತೆಂದುಕೊಂಡು ಮಾಸ್ಟರು ಅರ್ಧ ಎದ್ದರು. ಕಾಜಾ ಅಕ್ಕ ಅವರ ಕಡೆ ತಿರುಗದೆಯೇ ಕೈಯೆತ್ತಿ ತಡೆದಳು. ಮಾಸ್ಟರು ಎದ್ದೂ ಏಳದ ಆ ಭಂಗಿಯಲ್ಲೇ ಮೊಣಕಾಲು ಬಗ್ಗಿಸಿ ನಿಂತಿದ್ದಾಗ ಕ್ಲಾರಿನೆಟ್ ಬಂದು ಕಿಸಕ್ಕನೆ ನಕ್ಕಿತು.

ಮೊದಲು ನಕ್ಕವರು ಯಜಮಾನಿ. ಆಮೇಲೆ ಇಡೀ ಶೆಡ್ಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು, ಕಾಲರಮ್ಮ ಕಣ್ಣಲ್ಲಿ ನೀರು ಬರುವಷ್ಟು. ಕೊನೆಯ ಸ್ವರ ಆರಿಹೋಗುವವರೆಗೆ ಒಬ್ಬರೂ ಏಳಲಿಲ್ಲ.

"ಚೆನ್ನಾಗಿದೆ ಕಣಮ್ಮ ನಿಂದು," ಎಂದರು ಮಾಸ್ಟರು ಮೊಣಕಾಲು ಉಜ್ಜಿಕೊಳ್ಳುತ್ತಾ.

"ಹೌದು," ಎಂದಳು ಕಾಜಾ ಅಕ್ಕ. "ನನಗೆ ತುಂಬಾ ಇಷ್ಟ."