ಪೆನ್ನಿನ ಚುಕ್ಕೆ

ಉಳಿತಾಯದ ಸುತ್ತೋಲೆ ಬಂದ ಮೇಲೆ ಆಸ್ಪತ್ರೆ ಲ್ಯಾಬಿನ ಪ್ರಿಂಟರ್ ಅರ್ಧ ಇಂಕಿನಲ್ಲೇ ಕಾಲ ತಳ್ಳುತ್ತಿತ್ತು. ಒಂದು ಹಾಳೆ ಕತ್ತರಿಸಿ ಇಬ್ಬರಿಗೆ ರಿಪೋರ್ಟು. ಸಹಜ ಮಟ್ಟ ಎಷ್ಟಿರಬೇಕೆಂದು ತಿಳಿಸುವ ಸಾಲಿಗೂ ಕೊಕ್. ಅಂಕಿಗಳೇನೋ ಮಸುಕಾಗಿ ಕಾಣುತ್ತಿದ್ದವು, ದಶಮಾಂಶದ ಚುಕ್ಕೆಗಳು ಮಾತ್ರ ಮಾಯ. ಹಾಗಾಗಿ ಟೆಕ್ನಿಷಿಯನ್ ಬೆಳಗ್ಗೆಯೆಲ್ಲ ರಕ್ತ ತೆಗೆದು, ಮಧ್ಯಾಹ್ನವೆಲ್ಲ ಒಂದೊಂದೇ ರಿಪೋರ್ಟಿಗೆ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದಳು.

“ಇಷ್ಟು ಓದಿ ಕೊನೆಗೆ ಚುಕ್ಕೆ ಇಡೋ ನೌಕರಿ ಸಿಕ್ತಲ್ಲ ಮೇಡಂ,” ಎಂದು ಅಟೆಂಡರ್ ಕಿಚಾಯಿಸಿದರೆ ನಗುವುದಕ್ಕೂ ಅವಳಿಗೆ ಆಯಾಸ.

ಆ ದಿನ ಕಿಟಕಿಯ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಅತ್ತು ಅತ್ತು ಮುಖ ಊದಿತ್ತು.

“ಅಕ್ಕಾ, ನಿನ್ನೆ ಅಮ್ಮನ ಕಿಡ್ನಿ ರಿಪೋರ್ಟು ಕೊಟ್ರಿ. ಕ್ರಿಯಾಟಿನಿನ್ ಹನ್ನೊಂದು ಅಂತಿದೆ. ಒಂದರ ಹತ್ತಿರ ಇರಬೇಕಂತೆ. ಅಮ್ಮನಿಗೆ ಏನಂತ ಹೇಳ್ಲಿ?”

ಟೆಕ್ನಿಷಿಯನ್ ರಿಪೋರ್ಟಿನ ನಂಬರ್ ನೋಡಿ ಕಂಪ್ಯೂಟರಿನಲ್ಲಿ ಹುಡುಕಿದಳು. ಒಂದು ಪಾಯಿಂಟ್ ಒಂದು.

“ಅಮ್ಮನಿಗೆ ಏನೂ ಆಗಿಲ್ಲಮ್ಮ. ನಡುವೆ ಚುಕ್ಕೆ ಬಿಟ್ಟುಹೋಗಿದೆ, ತಪ್ಪು ನನ್ನದೇ.” ಪೆನ್ನು ಎತ್ತಿಕೊಂಡಳು.

ಹೆಂಗಸು ಹಾಳೆಯನ್ನು ಹಿಂದಕ್ಕೆಳೆದುಕೊಂಡಳು. “ನಾನು ಅಳೋದು ನೋಡಿ ಸಮಾಧಾನಕ್ಕೆ ಇಡ್ತಿದ್ದೀರಾ? ಪೆನ್ನಲ್ಲಿ ಗೀಚಿದ್ದನ್ನ ಹೇಗೆ ನಂಬ್ಲಿ?”

ಟೆಕ್ನಿಷಿಯನ್ ಪೆನ್ನು ಕೆಳಗಿಟ್ಟಳು. ಇಬ್ಬರೂ ಮೆಟ್ಟಿಲು ಹತ್ತಿ ಮ್ಯಾನೇಜರ್ ಕೋಣೆಗೆ ಹೋದರು. ಪೂರ್ತಿ ಇಂಕಿನಲ್ಲಿ ಪ್ರಿಂಟ್ ತೆಗೆಯುವ ಪಾಸ್‌ವರ್ಡ್ ಇದ್ದದ್ದು ಅವರೊಬ್ಬರ ಬಳಿ.

“ಒಂದು ಚುಕ್ಕೆಗೆ ಒಂದು ಹಾಳೆಯೇನ್ರೀ?” ಎಂದರು ಮ್ಯಾನೇಜರ್. “ಪೆನ್ನಲ್ಲಿಟ್ಟು ಸೈನ್ ಹಾಕಿ ಕೊಡಿ.”

“ಆ ಚುಕ್ಕೆ ಇಲ್ದಿದ್ರೆ ಹತ್ತು ಪಟ್ಟು ಸರ್.” ಟೆಕ್ನಿಷಿಯನ್ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ತ್ರಾಣ ಬೇಕಲ್ಲ. “ನಿಮ್ಮ ತಾಯಿ ರಿಪೋರ್ಟಾಗಿದ್ರೆ ನನ್ನ ಸೈನ್ ಸಾಕಾಗ್ತಿತ್ತಾ?”

ಮ್ಯಾನೇಜರ್ ಹೆಂಗಸಿನ ಮುಖ ನೋಡಿದರು. ಪಾಸ್‌ವರ್ಡ್ ಒತ್ತಿದರು. ಇಡೀ ಹಾಳೆ ಕಪ್ಪಗೆ, ದಟ್ಟವಾಗಿ ಹೊರಬಂತು. ಹೆಂಗಸು ಅಂಕಿಗಳ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು. ಥ್ಯಾಂಕ್ಸ್ ಕೂಡ ಹೇಳದೆ ದಡದಡನೆ ಇಳಿದು ಹೋದಳು.

ಟೆಕ್ನಿಷಿಯನ್ ಅಲ್ಲೇ ನಿಂತಿದ್ದಳು.

“ಇನ್ನೇನು?”

“ಪಾಸ್‌ವರ್ಡ್ ಹಾಕಿ ಮತ್ತೆ ಲಾಕ್ ಮಾಡ್ಬೇಡಿ ಸರ್, ಪೂರ್ತಿ ಇಂಕು ಇರಲಿ. ನಿನ್ನೆ ಐವತ್ತೆಂಟು ರಿಪೋರ್ಟು ಕೊಟ್ಟಿದ್ದೀನಿ. ಇನ್ನೆಲ್ಲೆಲ್ಲಿ ಬಿಟ್ಟಿದ್ದೀನೋ ನನಗೇ ಗೊತ್ತಿಲ್ಲ.”

ಕೆಳಗೆ ಬಂದು, ರಿಜಿಸ್ಟರ್ ಬಿಡಿಸಿ, ಮೊದಲ ನಂಬರಿಗೆ ಫೋನ್ ಮಾಡಿದಳು.

“ಲ್ಯಾಬಿಂದ ಮಾತಾಡ್ತಿರೋದು. ಗಾಬರಿ ಆಗ್ಬೇಡಿ. ನಿಮ್ಮ ರಿಪೋರ್ಟು ಕೈಯಲ್ಲಿದ್ಯಾ?”